ಎತ್ತರದ ಕಿಟಕಿಗಳ ಗಾಜು ತೊಳೆಯಲು ನೀರು ಹಾಯುವ ಉದ್ದ ಕೋಲು: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ವಿದ್ಯಾರಣ್ಯಪುರ ನಿವಾಸಿ

ಎಲ್ಲರಿಗೂ ನಮಸ್ಕಾರ.

ನಮ್ಮದು ಬೆಂಗಳೂರಿನ ಉತ್ತರ ಭಾಗದಲ್ಲಿರುವ, ನೆಲಮಹಡಿಯ ಮೇಲೆ ಎರಡು ಮಹಡಿಗಳಿರುವ ಮನೆ. ಮೆಟ್ಟಿಲಿನ ಭಾಗಕ್ಕೆ ಬೆಳಕು ಬರಲೆಂದು ಪಶ್ಚಿಮದ ಗೋಡೆಯಲ್ಲಿ ಒಂದರ ಮೇಲೊಂದರಂತೆ ಮೂರು ದೊಡ್ಡ ಗಾಜುಗಳನ್ನು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಲಾಗಿದೆ. ಅವುಗಳಲ್ಲಿ ಯಾವುದನ್ನೂ ತೆರೆಯಲು ಬರುವುದಿಲ್ಲ, ಆದ್ದರಿಂದ ಹೊರಮೈಯನ್ನು ಒಳಗಿನಿಂದ ಒರೆಸುವ ದಾರಿಯಿಲ್ಲ. ತುದಿಯ ಗಾಜಿನ ಕೆಳಂಚು ನೆಲದಿಂದ 6.6 ಮೀಟರ್, ಮೇಲಂಚು 8.5 ಮೀಟರ್ ಎತ್ತರದಲ್ಲಿದೆ. ಅದರ ಕೆಳಗಿನ ಗಾಜಿನ ಮೇಲೆ, ನೆಲದಿಂದ 5.4 ಮೀಟರ್ ಎತ್ತರದಲ್ಲಿ, ಎರಡು ಅಡಿ ಮುಂದಕ್ಕೆ ಚಾಚಿದ ಸಜ್ಜಾ ಇದೆ. ಆ ಕಡೆ ಕಾಂಪೌಂಡಿನವರೆಗೆ ಮೂರೂವರೆ ಮೀಟರ್ ಜಾಗವಿದೆ. ಉತ್ತರದ ಕಡೆ ಇರುವುದು ಒಂದು ಮೀಟರ್ ಅಗಲದ ಓಣಿ ಮಾತ್ರ. ಅಲ್ಲಿನ ಕಿಟಕಿಗಳು ಯುಪಿವಿಸಿಯ ಜಾರುಬಾಗಿಲಿನವು, ಹೊರಗಡೆ ಸೊಳ್ಳೆ ಪರದೆ ಇದೆ. ಪೂರ್ವಕ್ಕೆ ರಸ್ತೆ, ರಸ್ತೆಯ ಅಂಚಿನಲ್ಲಿ 11 ಕೆವಿ ತಂತಿ ಹಾದುಹೋಗಿದೆ.

ಈವರೆಗೆ ದೀಪಾವಳಿಯ ಮುನ್ನ ಕೆಲಸದವರೊಬ್ಬರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾರಸಿಯಿಂದ ಸಜ್ಜಾದ ಮೇಲಕ್ಕೆ ಇಳಿದು ಗಾಜು ಒರೆಸಿಕೊಡುತ್ತಿದ್ದರು. ಆ ಹಗ್ಗದ ಇನ್ನೊಂದು ತುದಿಯನ್ನು ಟ್ಯಾಂಕಿನಿಂದ ಇಳಿಯುವ ಪ್ಲಾಸ್ಟಿಕ್ ಪೈಪಿಗೆ ಕಟ್ಟಿದ್ದನ್ನು ಕಂಡ ಮೇಲೆ ನಮ್ಮ ಮನೆಯವರೆಲ್ಲ ಸೇರಿ, ಇನ್ನು ಮುಂದೆ ಯಾರನ್ನೂ ಹಾಗೆ ಇಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ನಮ್ಮ ಮನೆಯ ಗಾಜು ಹೊಳೆಯಲೆಂದು ಇನ್ನೊಬ್ಬರ ಜೀವವನ್ನು ಪಣಕ್ಕಿಡುವುದು ಸರಿಯಲ್ಲ.

ನೆಲದ ಮೇಲೆಯೇ ನಿಂತು, ಉದ್ದ ಮಾಡಬಹುದಾದ ಕೋಲಿನ ತುದಿಯ ಬ್ರಷ್ಷಿಗೆ ಕೊಳವೆಯ ಮೂಲಕ ನೀರು ಹಾಯಿಸಿ ತೊಳೆಯುವ ಸಾಧನಗಳು ಮಾರುಕಟ್ಟೆಯಲ್ಲಿವೆ. ಅಲ್ಯೂಮಿನಿಯಂ, ಗ್ಲಾಸ್ ಫೈಬರ್, ಕಾರ್ಬನ್ ಫೈಬರ್, ಈ ಎರಡು ಫೈಬರುಗಳೂ ಬೆರೆತ ಹೈಬ್ರಿಡ್ ಎಂದು ಹಲವು ಬಗೆಗಳಿದ್ದು, 20 ಅಡಿಯಿಂದ 40 ಅಡಿಯವರೆಗೆ ಉದ್ದ ಹೇಳುತ್ತಾರೆ, ಬೆಲೆಯಲ್ಲಿ ಅಜಗಜಾಂತರವಿದೆ. ನಮ್ಮ ಮನೆಗೆ ಎಷ್ಟು ಉದ್ದದ, ಯಾವ ವಸ್ತುವಿನ ಕೋಲು ಸೂಕ್ತ? ಬೋರ್‌ವೆಲ್ ನೀರನ್ನು ನೇರವಾಗಿ ಬಳಸಬಹುದೇ? ಕೆಲಸವನ್ನು ನಾನು ಮತ್ತು ನನ್ನ ಮಗ ಮಾಡಬೇಕೆಂದಿದ್ದೇವೆ. ಬಳಸಿ ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಗಾಜಿನ ಕೆಲಸ, ರಾಜಾಜಿನಗರ

ನಮಸ್ಕಾರ ಸರ್. ಕಟ್ಟಡಗಳ ಗಾಜು ತೊಳೆಯುವ ತಂಡಗಳ ಮೇಲ್ವಿಚಾರಣೆ ನನ್ನ ವೃತ್ತಿ. ನೀವು ಅಳತೆಗಳನ್ನು ಇಷ್ಟು ಸ್ಪಷ್ಟವಾಗಿ ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ಹೆಚ್ಚಿನವರು ಮನೆ ಎಷ್ಟು ಮಹಡಿಯದು ಎಂದಷ್ಟೇ ಹೇಳಿ ಕೋಲು ಕೊಳ್ಳಲು ಹೊರಡುತ್ತಾರೆ. ನಿಜವಾಗಿ ನೋಡಬೇಕಾದದ್ದು ನೀವು ಎಲ್ಲಿ ನಿಲ್ಲಬಲ್ಲಿರಿ ಎಂಬುದನ್ನು.

ನಿಮ್ಮ ಸಜ್ಜಾವನ್ನೇ ತೆಗೆದುಕೊಳ್ಳೋಣ. ಕೋಲಿನ ಬುಡವನ್ನು ಸೊಂಟದ ಮಟ್ಟದಲ್ಲಿ, ಅಂದರೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿಯುತ್ತೀರಿ ಎಂದಿಟ್ಟುಕೊಳ್ಳಿ. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ನಿಂತು ಬ್ರಷ್ಷನ್ನು 8.5 ಮೀಟರ್‌ಗೆ ಏರಿಸಿದರೆ, ಸಜ್ಜಾದ ಎತ್ತರದಲ್ಲಿ ಕೋಲು ಗೋಡೆಯಿಂದ ಕೇವಲ 40 ಸೆಂಟಿಮೀಟರ್ ಆಚೆಗಿರುತ್ತದೆ. ಆದರೆ ಸಜ್ಜಾ 60 ಸೆಂಟಿಮೀಟರ್ ಚಾಚಿದೆ, ಆದ್ದರಿಂದ ಕೋಲು ಅದಕ್ಕೆ ತಗಲುತ್ತದೆ. ಎರಡೂವರೆ ಮೀಟರ್ ಹಿಂದಕ್ಕೆ ಸರಿದರೆ ಮೇಲಂಚು ಸಲೀಸಾಗಿ ಸಿಗುತ್ತದೆ, ಆದರೆ ಅದೇ ಗಾಜಿನ ಕೆಳಂಚನ್ನು ತೊಳೆಯಲು ಬ್ರಷ್ಷನ್ನು 6.6 ಮೀಟರ್‌ಗೆ ಇಳಿಸಿದಾಗ ಕೋಲು ಮತ್ತೆ ಸಜ್ಜಾದ ಅಂಚನ್ನು ಉಜ್ಜುತ್ತದೆ. ಮೂರು ಮೀಟರ್ ದೂರದಲ್ಲಿ ನಿಂತರೆ ಮಾತ್ರ ಗಾಜಿನ ಎರಡೂ ಅಂಚುಗಳು ಅಡ್ಡಿಯಿಲ್ಲದೆ ಸಿಗುತ್ತವೆ. ನಿಮಗೆ ಮೂರೂವರೆ ಮೀಟರ್ ಜಾಗವಿರುವುದು ಅದೃಷ್ಟ. ಅಲ್ಲಿಂದ ಮೇಲಂಚಿಗೆ ಬೇಕಾಗುವ ಕೋಲಿನ ಉದ್ದ 8.1 ಮೀಟರ್, ಹೆಚ್ಚುಕಡಿಮೆ 27 ಅಡಿ. ಆದ್ದರಿಂದ ನೀವು 30 ಅಡಿಯ, ಅಂದರೆ 9 ಮೀಟರಿನ ಕೋಲನ್ನು ಕೊಳ್ಳಿ. ಇರಲಿ ಎಂದು 40 ಅಡಿಯದನ್ನು ಕೊಳ್ಳಬೇಡಿ. ಅದರ ಬುಡದ ತುಂಡುಗಳು ದಪ್ಪ, ಮುಷ್ಟಿಗೆ ಸರಿಯಾಗಿ ಸಿಗುವುದಿಲ್ಲ, ತೂಕವೂ ವ್ಯರ್ಥ.

ಇನ್ನು ವಸ್ತುವಿನ ವಿಚಾರ. ಅಲ್ಯೂಮಿನಿಯಂ ಅಗ್ಗ, ಆದರೆ ಒಮ್ಮೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ಒಂದು ಮಹಡಿಗಿಂತ ಮೇಲಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಗ್ಲಾಸ್ ಫೈಬರ್ ಗಟ್ಟಿಮುಟ್ಟಾಗಿದೆ, ಪೆಟ್ಟು ತಡೆಯುತ್ತದೆ, ಆದರೆ ಆರು ಮೀಟರ್ ದಾಟಿದ ಮೇಲೆ ಬಳುಕುತ್ತದೆ. ಬಳುಕಿದರೆ ಏನಾಗುತ್ತದೆಂದರೆ, ನೀವು ಕೆಳಗೆ ಕೈ ಸರಿಸಿದಾಗ ತುದಿಯ ಬ್ರಷ್ಷು ಕೂಡಲೇ ಸರಿಯದೆ, ಕೋಲು ಬಿಲ್ಲಾಗಿ ಬಾಗಿ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಗಾಜಿನ ಮೂಲೆಯಲ್ಲಿ ಕುಳಿತ ಧೂಳನ್ನು ಉಜ್ಜಲು ಬೇಕಾದ ಒತ್ತಡ ಅಲ್ಲಿಗೆ ತಲಪುವುದೇ ಇಲ್ಲ. ನಿಮ್ಮ ಎತ್ತರಕ್ಕೆ ಕಾರ್ಬನ್ ಫೈಬರ್ ಸರಿಯಾದ ಆಯ್ಕೆ. ಬೆಲೆ ಹೆಚ್ಚೆನಿಸಿದರೆ ಕಾರ್ಬನ್ ಪಾಲು ಹೆಚ್ಚಿರುವ ಹೈಬ್ರಿಡ್ ಕೋಲೂ ನಡೆಯುತ್ತದೆ. ಕಪ್ಪು ಬಣ್ಣ ಬಳಿದ ಗ್ಲಾಸ್ ಫೈಬರನ್ನೇ ಕಾರ್ಬನ್ ಎಂದು ಮಾರುವವರೂ ಇದ್ದಾರೆ. ಕಾರ್ಬನ್ ವಿದ್ಯುತ್ ಹರಿಯಗೊಡುತ್ತದೆ, ಗ್ಲಾಸ್ ಫೈಬರ್ ಹರಿಯಗೊಡುವುದಿಲ್ಲ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಕೊಳವೆಯ ಕತ್ತರಿಸಿದ ಅಂಚಿಗೆ ತಾಗಿಸಿ ನೋಡಿದರೆ ಗೊತ್ತಾಗುತ್ತದೆ. ಹೊರಮೈಗೆ ತಾಗಿಸಿದರೆ ಪ್ರಯೋಜನವಿಲ್ಲ, ಅಲ್ಲಿ ರಾಳದ ಲೇಪವಿರುತ್ತದೆ.

ಅಂಗಡಿಯಲ್ಲಿ ಕೋಲನ್ನು ಪೂರ್ತಿ ಉದ್ದ ಮಾಡಿ ನೆಟ್ಟಗೆ ಎತ್ತಿಸಿಕೊಂಡು ನೋಡದೆ ಹಣ ಕೊಡಬೇಡಿ. ನೆಟ್ಟಗೆ ಹಿಡಿದು ಸ್ವಲ್ಪ ಅಲುಗಾಡಿಸಿ ನಿಲ್ಲಿಸಿದಾಗ ತುದಿ ಬೇಗ ಸ್ತಬ್ಧವಾಗಬೇಕು. ತುಂಡುಗಳನ್ನು ಬಿಗಿಯುವ ಕ್ಲ್ಯಾಂಪುಗಳ ವಿಷಯದಲ್ಲಂತೂ ನನ್ನದು ಖಚಿತ ಅಭಿಪ್ರಾಯ: ತಿರುಗಿಸಿ ಬಿಗಿಯುವ ಬಗೆಯದು ಬೇಡ, ಮಡಚುವ ಹಿಡಿಕೆಯದೇ ಆಗಬೇಕು. ಬ್ರಷ್ಷು ಗಾಜಿನ ಮೇಲೆ ಅಡ್ಡಡ್ಡ ಸರಿಯುವಾಗ ಕೋಲಿಗೆ ತಿರುಚುವ ಬಲ ಬೀಳುತ್ತದೆ. ತಿರುಗಿಸಿ ಬಿಗಿದದ್ದು ಆ ಬಲಕ್ಕೆ ತಾನಾಗಿಯೇ ಸಡಿಲವಾಗುತ್ತದೆ. ಹಿಡಿಕೆಯ ಬಿಗಿತವನ್ನು ಹೊಂದಿಸಲು ಸಣ್ಣ ಸ್ಕ್ರೂ ಇರಬೇಕು, ಒಂದು ಕ್ಲ್ಯಾಂಪ್ ಮುರಿದರೆ ಅದೊಂದೇ ಬಿಡಿಯಾಗಿ ಸಿಗಬೇಕು. ಬಿಡಿಭಾಗ ಸಿಗದ ಕೋಲು ಎಷ್ಟು ಅಗ್ಗವಾದರೂ ದುಬಾರಿಯೇ.

ಕೋಲಿನೊಳಗೆ ಹಾಯುವ ಕೊಳವೆಯ ಒಳವ್ಯಾಸವನ್ನೂ ಕೇಳಿ ತಿಳಿಯಿರಿ. 9 ಮೀಟರ್ ಉದ್ದದ 5 ಮಿಲಿಮೀಟರ್ ಕೊಳವೆಯಲ್ಲಿ ನಿಲ್ಲುವ ನೀರು 180 ಗ್ರಾಂ ಮಾತ್ರ. ಅದೇ 8 ಮಿಲಿಮೀಟರಿನದಾದರೆ 450 ಗ್ರಾಂ. ನೆಲದ ಮೇಲೆ ಇದು ಲೆಕ್ಕಕ್ಕೆ ಬಾರದ ತೂಕ, ಆದರೆ ಅದರ ಬಹುಪಾಲು ನಿಮ್ಮ ತಲೆಯ ಮೇಲೆ ಇರುತ್ತದೆ ಮತ್ತು ಕೋಲು ಓರೆಯಾದಷ್ಟೂ ನಿಮ್ಮ ತೋಳನ್ನು ಎಳೆಯುತ್ತದೆ.

ಉತ್ತರದ ಓಣಿಯ ಕಿಟಕಿಗಳಿಗೆ ಈ ಸಾಧನ ಹೊಂದುವುದಿಲ್ಲ. ಒಂದು ಮೀಟರ್ ಓಣಿಯಲ್ಲಿ ಕೋಲು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ, ಹೊರಗಿನ ಸೊಳ್ಳೆ ಪರದೆ ಬ್ರಷ್ಷನ್ನು ಗಾಜಿಗೆ ಮುಟ್ಟಗೊಡುವುದಿಲ್ಲ. ಜಾರುಬಾಗಿಲುಗಳನ್ನು ಒಳಗಿನಿಂದಲೇ ಕಳಚಿ ತೊಳೆಯುವುದು ಒಳ್ಳೆಯದು. ಪೂರ್ವದ ಕಡೆಯ ಬಗ್ಗೆ ಒಂದೇ ಮಾತು: 11 ಕೆವಿ ತಂತಿ ಇರುವ ಕಡೆ ಕೋಲು ಎತ್ತಬೇಡಿ.

ಉತ್ತರ 2: ತೋಟದ ಮನೆ, ಪುತ್ತೂರು

ರಾಜಾಜಿನಗರದವರು ಕೊನೆಯಲ್ಲಿ ಹೇಳಿದ ಮಾತನ್ನು ನಾನು ಮೊದಲಿಗೆ ಎತ್ತಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಅಡಿಕೆ ಸೀಮೆಗೆ ಈ ವಿಷಯ ಹೊಸದಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಮರ ಹತ್ತುವವರು ಸಿಗುವುದು ಕಷ್ಟವಾದಂತೆಲ್ಲ, ಅಡಿಕೆ ಕೊಯ್ಯಲು ಮತ್ತು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಾರ್ಬನ್ ಫೈಬರ್ ದೋಟಿಗಳು ಬಳಕೆಗೆ ಬಂದಿವೆ. ಸಿಂಪಡಣೆಯ ದೋಟಿ ಎಂದರೆ ನೀವು ಕೇಳುತ್ತಿರುವ ಸಾಧನದ ಒಡಹುಟ್ಟೇ ಸರಿ: ಒಂದರೊಳಗೊಂದು ಸೇರುವ ತುಂಡುಗಳು, ಮಡಚುವ ಕ್ಲ್ಯಾಂಪುಗಳು, ತುದಿಗೆ ದ್ರಾವಣ ಒಯ್ಯುವ ಕೊಳವೆ. ಲೋಹದ ದೋಟಿ ವಿದ್ಯುತ್ ತಂತಿಗೆ ತಗಲಿ ಜೀವ ಹೋದ ಸುದ್ದಿಗಳನ್ನು ನಮ್ಮ ಕಡೆಯವರು ಮತ್ತೆ ಮತ್ತೆ ಓದಿದ್ದೇವೆ. ಕಾರ್ಬನ್ ಎಂಬ ಹೆಸರು ಕೇಳಿ ಇದು ಲೋಹವಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ತಿಳಿಯುವವರು ಈಗಲೂ ಇದ್ದಾರೆ. ಕಾರ್ಬನ್ ಕೂಡ ವಿದ್ಯುತ್ ಹರಿಯಗೊಡುತ್ತದೆ ಎಂಬುದನ್ನು ಮನೆಯ ಪ್ರತಿಯೊಬ್ಬರಿಗೂ ತಿಳಿಸಿಡಿ. ಗ್ಲಾಸ್ ಫೈಬರ್ ಒಣಗಿದ್ದಾಗ, ಶುಚಿಯಾಗಿದ್ದಾಗ ಮಾತ್ರ ತಡೆಯುತ್ತದೆ. ಮೈಮೇಲೆ ಕೊಳೆನೀರು ಇಳಿಯುತ್ತಿರುವ ಕೋಲನ್ನು, ಅದು ಯಾವುದರಿಂದ ಮಾಡಿದ್ದೇ ಇರಲಿ, ತಂತಿಯ ಹತ್ತಿರ ಒಯ್ಯಬಾರದು.

ತೋಟದಲ್ಲಿ ನಾವು ಪಾಲಿಸುವ ನಿಯಮ ಹೀಗಿದೆ: ಕೋಲು ಕೈತಪ್ಪಿ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಗಲದಷ್ಟು ದೂರದಲ್ಲಿ ಮಾತ್ರ ಅದನ್ನು ಎತ್ತುವುದು. ತಂತಿಗೂ ಬ್ರಷ್ಷಿಗೂ ನಡುವಿನ ಅಂತರವನ್ನು ಕಣ್ಣಳತೆಯಲ್ಲಿ ನೋಡಿ ಸಾಲುತ್ತದೆ ಎನ್ನುವುದು ಬೇರೆ, ಇದು ಬೇರೆ. ನಿಮ್ಮ ಪಶ್ಚಿಮದ ಅಂಗಳದಲ್ಲಿಯೂ ಕೋಲು ಎತ್ತುವ ಮೊದಲು ಸುತ್ತ ಒಮ್ಮೆ ನೋಡಿ. ಕಂಬದಿಂದ ನಿಮ್ಮ ಮನೆಗೋ ಪಕ್ಕದ ಮನೆಗೋ ಬರುವ ಸರ್ವಿಸ್ ವೈರು ಮರದ ಎಲೆಗಳ ನಡುವೆ ಕಾಣದೆ ಹೋಗುವುದುಂಟು. ತಂತಿ ಹತ್ತಿರವಿದ್ದು, ಆ ಕಡೆಯ ಗಾಜನ್ನು ತೊಳೆಯಲೇಬೇಕೆಂದಿದ್ದರೆ, ಬೆಸ್ಕಾಂನ ನಿಮ್ಮ ಶಾಖಾ ಕಚೇರಿಯಲ್ಲಿ ವಿಚಾರಿಸಿ. ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಅವರು ಸ್ಥಳಕ್ಕೆ ಬಂದು ಖಚಿತಪಡಿಸದೆ ಕೋಲು ಎತ್ತಬೇಡಿ.

ನಮ್ಮ ದೋಟಿಯನ್ನೇ ಗಾಜಿಗೆ ಬಳಸಬಹುದೇ ಎಂದು ಬೆಂಗಳೂರಿನ ನೆಂಟರು ಕೇಳುವುದುಂಟು. ನನ್ನ ಉತ್ತರ ಬೇಡ ಎಂದೇ. ದೋಟಿಯನ್ನು ಬಹುಮಟ್ಟಿಗೆ ನೆಟ್ಟಗೆ ಹಿಡಿಯುತ್ತೇವೆ, ಬುಡವನ್ನು ನೆಲಕ್ಕೆ ಊರುತ್ತೇವೆ. ಕತ್ತಿಯಿಂದ ಗೊನೆಯನ್ನು ಕೆಳಕ್ಕೆ ಎಳೆಯುತ್ತೇವೆ, ಪಕ್ಕಕ್ಕೆ ಉಜ್ಜುವುದಿಲ್ಲ. ಗಾಜಿನ ಕೆಲಸದಲ್ಲಿ ಅಡ್ಡ ಬಲ ಹೆಚ್ಚು. ಅಲ್ಲದೆ ಸಿಂಪಡಣೆಗೆ ನಾವು ಬಳಸುವ ಪಂಪಿನ ಒತ್ತಡ ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯನ್ನು ದಾಟಿ ನೀರನ್ನು ಒಳಕ್ಕೆ ನುಗ್ಗಿಸುತ್ತದೆ.

ಬಳಸುವ ಕ್ರಮದ ಬಗ್ಗೆ ಒಂದೆರಡು ಮಾತು. ಮೇಲಿನ ತೆಳು ತುಂಡುಗಳನ್ನು ಮೊದಲು ಎಳೆದು ಬಿಗಿಯಿರಿ, ಬುಡದ ತುಂಡುಗಳನ್ನು ಕೊನೆಗೆ. ಇಳಿಸುವಾಗ ಬುಡದಿಂದ ಆರಂಭಿಸಿ. ಇಳಿಸುವಾಗ ಒಂದು ಕೈ ಯಾವಾಗಲೂ ಕ್ಲ್ಯಾಂಪಿನ ಮೇಲುಗಡೆ ಇರಲಿ, ಬೆರಳು ಸಂದಿಯಲ್ಲಿ ಸಿಕ್ಕದಿರಲಿ. ಪೂರ್ತಿ ಉದ್ದ ಮಾಡಿದ ಕೋಲನ್ನು ನೆಲದ ಮೇಲೆ ಮಲಗಿಸಿ ತುದಿ ಹಿಡಿದು ಎತ್ತಬೇಡಿ. ಕಾರ್ಬನ್ ಕೊಳವೆ ಉದ್ದಕ್ಕೆ ಎಷ್ಟು ಬಲವಾಗಿದೆಯೋ, ಪಕ್ಕದ ಪೆಟ್ಟಿಗೆ ಅಷ್ಟೇ ನಾಜೂಕು. ಸಜ್ಜಾದ ಅಂಚಿಗೆ ಬಡಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಆ ತುಂಡನ್ನು ಬದಲಿಸಬೇಕು. ಸೀಳಿದ ಕಡೆ ಬರಿಗೈ ಸವರಬೇಡಿ. ಕಣ್ಣಿಗೆ ಕಾಣದ ಕಪ್ಪು ಸಿಬಿರುಗಳು ಚರ್ಮದೊಳಕ್ಕೆ ಇಳಿದರೆ ತೆಗೆಯುವುದು ಬಹಳ ಕಷ್ಟ.

ಉತ್ತರ 3: ರೆಡಿಂಗ್ ಕನ್ನಡಿಗ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ 2005ರಲ್ಲಿ ಎತ್ತರದ ಕೆಲಸಕ್ಕೆ ಸಂಬಂಧಿಸಿದ ನಿಯಮಗಳು ಜಾರಿಗೆ ಬಂದವು. ನೆಲದಿಂದಲೇ ಮಾಡಬಹುದಾದ ಕೆಲಸಕ್ಕೆ ಜನರನ್ನು ಎತ್ತರಕ್ಕೆ ಹತ್ತಿಸಬಾರದು ಎಂಬುದು ಅವುಗಳ ಮೊದಲ ತತ್ತ್ವ. ಆ ಬಳಿಕ ಏಣಿ ಬಿಟ್ಟು ಈ ಕೋಲುಗಳನ್ನು ಹಿಡಿದ ಗಾಜು ತೊಳೆಯುವವರ ಸಂಖ್ಯೆ ಬಹಳ ಹೆಚ್ಚಿತು. ನಮ್ಮ ಬೀದಿಗೆ ಬರುವವರು ಪುಟ್ಟ ವ್ಯಾನಿನಲ್ಲಿ ನೀರಿನ ಟ್ಯಾಂಕನ್ನು ಇಟ್ಟುಕೊಂಡೇ ಬರುತ್ತಾರೆ, ಮನೆಯ ನಲ್ಲಿಯ ನೀರನ್ನು ಕೇಳುವುದೇ ಇಲ್ಲ. ಅವರ ಹಣದ ದೊಡ್ಡ ಪಾಲು ಹೋಗಿರುವುದು ನೀರನ್ನು ಶುದ್ಧಮಾಡುವ ವ್ಯವಸ್ಥೆಗೆ. ನನ್ನ ಅನಿಸಿಕೆಯಲ್ಲಿ ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಕೊನೆಗೆ ಕೇಳಿದ ಬೋರ್‌ವೆಲ್ ನೀರಿನ ಪ್ರಶ್ನೆ.

ಈ ವಿಧಾನದಲ್ಲಿ ಗಾಜನ್ನು ಒರೆಸುವುದಿಲ್ಲ. ತೊಳೆದು, ಜಾಲಿಸಿ, ತಾನಾಗಿ ಆರಲು ಬಿಡುತ್ತೇವೆ. ನೀರಿನಲ್ಲಿ ಕರಗಿದ್ದ ಲವಣವೆಲ್ಲ ನೀರು ಆರಿದ ಮೇಲೆ ಗಾಜಿನ ಮೇಲೆಯೇ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ, ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರಿಲ್ಲದಿದ್ದರೆ 2000ದವರೆಗೂ ಆಗಬಹುದು. ಅಂದರೆ ಕುಡಿಯಲು ಯೋಗ್ಯವೆನಿಸಿದ ಒಂದು ಲೀಟರ್ ನೀರು ಗಾಜಿನ ಮೇಲೆ ಆರಿದರೆ ಅರ್ಧ ಗ್ರಾಂ ಬಿಳಿ ಪುಡಿ ಉಳಿಯಬಹುದು. ಪಶ್ಚಿಮದ ಬಿಸಿಲಿಗೆ ಅದು ಬೇಗನೆ ಆರಿ ಗಟ್ಟಿಯಾಗುತ್ತದೆ. ಪದೇ ಪದೇ ಹಾಗಾದರೆ ಗಾಜಿನ ಮೈಗೇ ಮಂಕು ಹತ್ತುತ್ತದೆ. ಕೊನೆಯ ಜಾಲಿಸುವ ನೀರಿನ ಟಿಡಿಎಸ್ ಸೊನ್ನೆಗೆ ಹತ್ತಿರವಿರಬೇಕು. 10 ದಾಟಬಾರದು ಎಂದು ಇಲ್ಲಿನ ವೃತ್ತಿಪರರು ಹೇಳುತ್ತಾರೆ. ಜೇಬಿನಲ್ಲಿಡುವ ಟಿಡಿಎಸ್ ಮೀಟರನ್ನು ಕೋಲಿಗಿಂತ ಮೊದಲು ಕೊಳ್ಳಿ.

ಅಷ್ಟು ಶುದ್ಧ ನೀರು ಪಡೆಯಲು ಡಿಐ ಪಾತ್ರೆಯ, ಅಂದರೆ ಕರಗಿದ ಲವಣವನ್ನು ಹಿಡಿದಿಡುವ ಮಿಶ್ರ ರಾಳದ ಹರಳುಗಳನ್ನು ತುಂಬಿದ ಪಾತ್ರೆಯ ಮೂಲಕ ನೀರನ್ನು ಹಾಯಿಸಬೇಕು. ಗಡಸು ನೀರಿದ್ದರೆ ಅದಕ್ಕೆ ಮುನ್ನ ಆರ್‌ಓ ಇರಬೇಕು, ಇಲ್ಲವಾದರೆ ರಾಳ ಬೇಗನೆ ತೀರಿಹೋಗುತ್ತದೆ. ನೀರು ಮೆದು ಮಾಡುವ ಉಪ್ಪಿನ ಯಂತ್ರ ಮನೆಯಲ್ಲಿದೆ, ಅದೇ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ, ಸಾಲದು. ಅದು ಸುಣ್ಣದ ಬದಲಿಗೆ ಸೋಡಿಯಂ ಅನ್ನು ಬಿಡುತ್ತದೆಯೇ ಹೊರತು ಒಟ್ಟು ಲವಣವನ್ನು ಕಡಿಮೆ ಮಾಡುವುದಿಲ್ಲ, ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಬ್ರಷ್ಷಿನ ಬಗ್ಗೆ ರಾಜಾಜಿನಗರದವರು ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. 25ರಿಂದ 35 ಸೆಂಟಿಮೀಟರ್ ಅಗಲ ಸಾಕು. ಅದಕ್ಕಿಂತ ಅಗಲವಾದರೆ ತುದಿಯ ತೂಕ ಹೆಚ್ಚುತ್ತದೆ. ಬಿರುಗೂದಲು ತುದಿಯಲ್ಲಿ ಸೀಳಿ ಮೃದುವಾಗಿರುವ ನೈಲಾನ್ ಆಗಿರಲಿ. ಬ್ರಷ್ಷಿಗೂ ಕೋಲಿಗೂ ನಡುವೆ ಕೋನ ಬದಲಿಸಬಹುದಾದ ಕತ್ತು ಇರಲೇಬೇಕು, ಏಕೆಂದರೆ ಮೂರು ಮೀಟರ್ ದೂರದಿಂದ ಓರೆಯಾಗಿ ಏರಿದ ಕೋಲಿನ ತುದಿಯಲ್ಲಿ ಬ್ರಷ್ಷು ಗಾಜಿಗೆ ಸಮತಟ್ಟಾಗಿ ಕೂರುವುದು ಅದರಿಂದಲೇ. ನೀರು ಚಿಮ್ಮುವ ಬಾಯಿಗಳಲ್ಲಿ ಎರಡು ಬಗೆ: ಸಣ್ಣ ಧಾರೆಯಾಗಿ ಬರುವುದು ಒಂದು, ಬೀಸಣಿಗೆಯಂತೆ ಹರಡಿ ಬರುವುದು ಇನ್ನೊಂದು. ತೊಳೆದ ಗಾಜಿನ ಮೇಲೆ ನೀರು ತೆಳು ಪರದೆಯಾಗಿ ಇಳಿದರೆ ಧಾರೆಯೇ ಸಾಕು. ಹನಿಹನಿಯಾಗಿ ಕೂತರೆ ಹರಡುವ ಬಗೆ ಬೇಕಾಗುತ್ತದೆ. ಒಂದು ಲೋಟ ನೀರನ್ನು ಕೆಳಗಿನ ಗಾಜಿನ ಮೇಲೆ ಚೆಲ್ಲಿ ನೋಡಿ ನಿರ್ಧರಿಸಬಹುದು.

ತೊಳೆಯುವಾಗ ಮೊದಲು ಚೌಕಟ್ಟಿನ ಮೇಲಂಚು, ಆಮೇಲೆ ಬದಿಗಳು, ಕೊನೆಗೆ ಗಾಜು. ಮೇಲಂಚಿನಲ್ಲಿ ವರ್ಷಗಟ್ಟಲೆ ಕೂತ ಧೂಳನ್ನು ಬಿಟ್ಟು ಗಾಜನ್ನಷ್ಟೇ ತೊಳೆದರೆ, ನೀವು ಕೋಲು ಇಳಿಸಿದ ಮೇಲೆ ಅಲ್ಲಿಂದ ಕೊಳೆನೀರು ಸಣ್ಣ ಗೆರೆಗಳಾಗಿ ಇಳಿಯುತ್ತದೆ. ಮೊದಲ ಸಲ ಇಡೀ ಕೆಲಸವನ್ನು ಎರಡು ಬಾರಿ ಮಾಡಬೇಕಾಗುತ್ತದೆ ಎಂದು ಇಟ್ಟುಕೊಳ್ಳಿ. ಸಿಮೆಂಟಿನ ಚುಕ್ಕೆ, ಬಣ್ಣದ ಹನಿ, ಈಗಾಗಲೇ ಕಟ್ಟಿದ ಸುಣ್ಣದ ಕಲೆ ಇವು ಯಾವುವೂ ಈ ಸಾಧನಕ್ಕೆ ಜಗ್ಗುವುದಿಲ್ಲ. ಅವನ್ನು ಕೈಯಿಂದಲೇ ತೆಗೆಯಬೇಕು. ಅದಕ್ಕಾಗಿ ಒಮ್ಮೆ ಸರಿಯಾದ ಸುರಕ್ಷಾ ಸಜ್ಜಿಕೆಯಿರುವ ತಂಡವನ್ನು ಕರೆಸಿ, ಮುಂದಿನದನ್ನು ನೀವು ನೋಡಿಕೊಳ್ಳುವುದು ಉಚಿತ.

ಮರುಪ್ರಶ್ನೆ: ವಿದ್ಯಾರಣ್ಯಪುರ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೂರ್ವ ಮತ್ತು ಉತ್ತರದ ಕಡೆಗಳನ್ನು ಕೈಬಿಟ್ಟಿದ್ದೇನೆ. ಟಿಡಿಎಸ್ ಮೀಟರ್ ತರಿಸಿ ಅಳೆದಾಗ ಬೋರ್‌ವೆಲ್ ನೀರು 780 ತೋರಿಸಿತು, ಅಡುಗೆಮನೆಯ ಆರ್‌ಓ ನೀರು 60. ನಮ್ಮಲ್ಲಿ ಮಳೆನೀರು ಸಂಗ್ರಹವೂ ಇದೆ. ತಾರಸಿಯಿಂದ ಇಳಿದು ಪ್ಲಾಸ್ಟಿಕ್ ಡ್ರಮ್ಮಿಗೆ ಬಿದ್ದ ನೀರು 40, ಆದರೆ ಅದೇ ನೀರು ಸಿಮೆಂಟಿನ ಸಂಪಿನಲ್ಲಿ 110 ತೋರಿಸುತ್ತಿದೆ. ಇದು ಮೀಟರಿನ ದೋಷವೇ? ಇನ್ನೊಂದು ಸಂದೇಹ: ತಾರಸಿಯ ಮೇಲೆ ಟ್ಯಾಂಕಿದ್ದು, ನೀರಿನ ಮಟ್ಟ ನೆಲದಿಂದ ಹನ್ನೊಂದೂವರೆ ಮೀಟರ್ ಇದೆ. ಪಂಪ್ ಇಲ್ಲದೆ ಟ್ಯಾಂಕಿನ ಒತ್ತಡದಿಂದಲೇ ಕೋಲಿಗೆ ನೀರು ಏರುವುದಿಲ್ಲವೇ?

ಉತ್ತರ 4: ನೀರು ಪರೀಕ್ಷೆ, ತುಮಕೂರು

ಮೀಟರಿನ ದೋಷವಲ್ಲ. ಮಳೆನೀರು ಬಹಳ ಮೆದುವಾದ್ದರಿಂದ ಸಿಮೆಂಟಿನ ಗೋಡೆಯ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಸಂಪು ಹೊಸದಾಗಿದ್ದಷ್ಟೂ ಹೆಚ್ಚು. ಗಾಜಿನ ಕೆಲಸಕ್ಕೆ ಡ್ರಮ್ಮಿನ ನೀರನ್ನೇ ಮೀಸಲಿಡಿ, ಋತುವಿನ ಮೊದಲ ಮಳೆಯನ್ನು ಹೊರಗೆ ಬಿಟ್ಟುಬಿಡಿ, ಡ್ರಮ್ಮಿಗೆ ಬೆಳಕು ಬೀಳದ ಹಾಗೆ ಮುಚ್ಚಿ. ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ಬಳಿಕ ಮಳೆನೀರು ಸಂಗ್ರಹ ಕಡ್ಡಾಯವಾದದ್ದರಿಂದ ಹಲವು ಮನೆಗಳಲ್ಲಿ ಈ ವ್ಯವಸ್ಥೆ ಇದೆ. ಗಾಜು ತೊಳೆಯಲು ಅದಕ್ಕಿಂತ ಒಳ್ಳೆಯ ಕಚ್ಚಾ ನೀರು ನಗರದಲ್ಲಿ ಸಿಗುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾಗಿ, ಕುಡಿಯುವ ನೀರಿನಿಂದ ವಾಹನ ತೊಳೆಯುವುದೇ ಮೊದಲಾದವುಗಳನ್ನು ಜಲಮಂಡಳಿ ನಿಷೇಧಿಸಿ 5000 ರೂಪಾಯಿ ದಂಡ ವಿಧಿಸಿತ್ತು. ಅಂಥ ಬೇಸಿಗೆಯಲ್ಲಿ ಗಾಜಿಗಾಗಿ ಆರ್‌ಓ ಯಂತ್ರ ಓಡಿಸಿ, ಪಡೆದದ್ದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುವುದು ನನಗೆ ಸರಿಕಾಣುವುದಿಲ್ಲ.

ರಾಳದ ಲೆಕ್ಕವನ್ನು ಅಂದಾಜಿನಲ್ಲಿ ಹೇಳುತ್ತೇನೆ. ಹೊಸ ಮಿಶ್ರ ರಾಳದ ಒಂದು ಲೀಟರ್ ಸುಮಾರು 25 ಗ್ರಾಂ ಲವಣವನ್ನು ಹಿಡಿದಿಡುತ್ತದೆ. ನೀವು 7 ಲೀಟರಿನ ಪಾತ್ರೆ ಕೊಂಡರೆ 175 ಗ್ರಾಂ ಆಯಿತು. ಬೋರ್‌ವೆಲ್ ನೀರನ್ನು ನೇರವಾಗಿ ಹಾಯಿಸಿದರೆ 220 ಲೀಟರಿಗೆಲ್ಲ ಅದು ಮುಗಿದುಹೋಗುತ್ತದೆ. ಆರ್‌ಓ ನೀರಾದರೆ 2900 ಲೀಟರ್, ಡ್ರಮ್ಮಿನ ಮಳೆನೀರಾದರೆ 4300 ಲೀಟರ್ ಬರಬೇಕು. ಬಳಕೆಯಲ್ಲಿ ಇದರ ಅರ್ಧವೇ ಸಿಕ್ಕರೂ ಮಳೆನೀರಿನಿಂದ 2000 ಲೀಟರ್ ದಾಟುತ್ತದೆ. ಈ ಕೋಲುಗಳಿಗೆ ನಿಮಿಷಕ್ಕೆ ಒಂದೂವರೆ ಲೀಟರ್ ನೀರು ಸಾಕು. ನಿಮ್ಮ ಮೂರು ಗಾಜುಗಳಿಗೆ, ಚೌಕಟ್ಟನ್ನೂ ಸೇರಿಸಿ, ನಿಧಾನವಾಗಿ ತೊಳೆದರೂ 30 ಲೀಟರ್ ದಾಟಲಾರದು. ತೀರಿದ ರಾಳವನ್ನು ಮನೆಯಲ್ಲಿ ಚೇತರಿಸಲು ಹೋಗಬೇಡಿ, ಅದಕ್ಕೆ ಗಟ್ಟಿ ಆಮ್ಲ ಮತ್ತು ಕಾಸ್ಟಿಕ್ ಸೋಡಾ ಎರಡೂ ಬೇಕು. ರಾಳಕ್ಕೆ ಮುನ್ನ 5 ಮೈಕ್ರಾನಿನ ಸೋಸುಬತ್ತಿಯೊಂದನ್ನು ಹಾಕಿದರೆ ತಾರಸಿಯ ಮಣ್ಣು ಅಲ್ಲಿಯೇ ನಿಲ್ಲುತ್ತದೆ.

ಟ್ಯಾಂಕಿನ ಒತ್ತಡ ಸಾಲುವುದಿಲ್ಲ. ಮಟ್ಟ ಹನ್ನೊಂದೂವರೆ ಮೀಟರ್ ಇದ್ದರೂ ಬ್ರಷ್ಷು ಇರುವುದು ಎಂಟೂವರೆ ಮೀಟರಿನಲ್ಲಿ. ಅಲ್ಲಿಗೆ ಉಳಿಯುವುದು ಮೂರು ಮೀಟರಿನ ಒತ್ತಡ ಮಾತ್ರ. ಒಂದೂವರೆ ಲೀಟರ್ ನೀರು 5 ಮಿಲಿಮೀಟರಿನ ಕೊಳವೆಯಲ್ಲಿ ಎಂಟು ಮೀಟರ್ ಸಾಗುವಾಗ ಘರ್ಷಣೆಯಿಂದಲೇ ನಾಲ್ಕೂವರೆ ಮೀಟರಿನಷ್ಟು ಒತ್ತಡ ಕಳೆದುಹೋಗುತ್ತದೆ. ಇದಕ್ಕೆ ಅಂಗಳದ ಪೈಪು, ಸೋಸುಬತ್ತಿ, ರಾಳ ಇವುಗಳ ತಡೆಯನ್ನೂ ಸೇರಿಸಿದರೆ ಬ್ರಷ್ಷಿನ ಬಾಯಲ್ಲಿ ನೀರು ತೊಟ್ಟಿಕ್ಕೀತು, ಚಿಮ್ಮಲಾರದು. ಅಲ್ಲದೆ ಟ್ಯಾಂಕಿನಲ್ಲಿರುವುದು ಹೇಗೂ ಬೋರ್‌ವೆಲ್ ನೀರು.

ಡ್ರಮ್ಮಿನಿಂದ ಎತ್ತಲು 12 ವೋಲ್ಟಿನ ಸಣ್ಣ ಡಯಾಫ್ರಮ್ ಪಂಪ್ ಹಾಕಿ. ಏರಿಕೆ, ಘರ್ಷಣೆ, ಧಾರೆ ಎಲ್ಲ ಸೇರಿ ಎರಡು ಬಾರ್, ಅಂದರೆ ಸುಮಾರು 20 ಮೀಟರ್ ನೀರಿನಷ್ಟು ಒತ್ತಡ ಸಾಕಾಗುತ್ತದೆ. ರೈತರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನಲ್ಲಿರುವುದೂ ಇದೇ ಬಗೆಯ ಪಂಪ್. ಕೃಷಿ ಸಾಮಗ್ರಿಯ ಅಂಗಡಿಯಲ್ಲಿ ಪಂಪ್ ಬಿಡಿಯಾಗಿಯೂ ಸಿಗುತ್ತದೆ. ಔಷಧಿ ಹೊಡೆದ ಹಳೆಯ ಸ್ಪ್ರೇಯರನ್ನು ಮಾತ್ರ ಬಳಸಬೇಡಿ. ಮನೆಯ 230 ವೋಲ್ಟಿನ ಪಂಪನ್ನು ಎಳೆದು ತಂದು ಒದ್ದೆ ಅಂಗಳದಲ್ಲಿ ಇಡುವುದಂತೂ ಬೇಡವೇ ಬೇಡ.

ರಾಳದ ಪಾತ್ರೆಯಿಂದ ಹೊರಬರುವ ನೀರನ್ನು ಪ್ರತಿ ಸಲ ಕೆಲಸ ಆರಂಭಿಸುವ ಮೊದಲು ಮೀಟರಿನಿಂದ ನೋಡಿ. ಬಹಳ ದಿನ ನಿಂತ ಪಾತ್ರೆಯ ಮೊದಲ ಒಂದೆರಡು ಲೀಟರ್ ಹೆಚ್ಚು ತೋರಿಸುವುದುಂಟು. ಅದನ್ನು ಗಿಡಕ್ಕೆ ಹಾಕಿ, ಮತ್ತೆ ಅಳೆಯಿರಿ. ಆಗಲೂ 10ರ ಮೇಲಿದ್ದರೆ ರಾಳ ಬದಲಿಸುವ ಕಾಲ ಬಂದಿದೆ.